ಎರಡು ಕುರ್ಚಿ ಹಾಕುವ ಮುನ್ನ

ಡೊಂಬಿವಲಿ

ಚಿರಂಜೀವಿ ಶ್ರೀಧರನಿಗೆ ಆಶೀರ್ವಾದಗಳು.

ನೀನು ಕಳಿಸಿದ ಆಮಂತ್ರಣದ ಕರಡು ತಲುಪಿತು. ನೌಕರಿಯ ಒತ್ತಡದ ನಡುವೆಯೂ ಪುಣೆಯಲ್ಲಿ ಸಂಘದ ಜವಾಬ್ದಾರಿ ಹೊತ್ತು ಕನ್ನಡದ ಕಾರ್ಯಕ್ರಮಗಳನ್ನು ನಡೆಸುತ್ತಿದ್ದೀಯೆ, ಅದು ನನಗೆ ಹೆಮ್ಮೆ. ಆದರೆ ಈ ಸಲದ ವಿಷಯ ಓದಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ‘ಹವಾಮಾನ ಬದಲಾವಣೆಗೆ ಮನುಷ್ಯ ಕಾರಣನೇ? ಪರ–ವಿರೋಧ ಚರ್ಚೆ’ ಎಂದು ಬರೆದಿದ್ದೀಯೆ. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಪಾಷಾಣ್‌ನ ಉಷ್ಣವಲಯ ಹವಾಮಾನ ಸಂಸ್ಥೆಯ ಒಬ್ಬ ವಿಜ್ಞಾನಿ, ಇನ್ನೊಂದರಲ್ಲಿ, ಮನುಷ್ಯ ಕಾರಣನಲ್ಲ ಎನ್ನುವ, ನಿಮ್ಮ ಸಂಘದ ಹಿರಿಯರಾದ ನಿವೃತ್ತ ಎಂಜಿನಿಯರ್.

ಹೀಗೆ ಮಾಡಬೇಡ, ಶ್ರೀಧರ. ಎರಡು ಕುರ್ಚಿಗಳನ್ನು ಎದುರುಬದುರು ಹಾಕಿದ ಕ್ಷಣವೇ, ಯಾರೂ ಬಾಯಿ ತೆರೆಯುವ ಮೊದಲೇ, ಸಭಿಕರ ಮನಸ್ಸಿನಲ್ಲಿ ಒಂದು ತೀರ್ಮಾನ ಕೂತುಬಿಡುತ್ತದೆ: ಬಲ್ಲವರಲ್ಲಿ ಅರ್ಧ ಜನ ಹೌದೆನ್ನುತ್ತಾರೆ, ಅರ್ಧ ಜನ ಅಲ್ಲವೆನ್ನುತ್ತಾರೆ ಎಂದು. ಅದು ಸುಳ್ಳು. ಆಮೇಲೆ ವಿಜ್ಞಾನಿ ಎಷ್ಟೇ ಚೆನ್ನಾಗಿ ಮಾತನಾಡಿದರೂ ಆ ಸುಳ್ಳು ಅಳಿಯುವುದಿಲ್ಲ.

ನಿಮ್ಮ ಎಂಜಿನಿಯರರನ್ನು ಹಗುರವಾಗಿ ಕಾಣು ಎಂದು ನಾನು ಹೇಳುತ್ತಿಲ್ಲ. ನೀನು ಬರೆದು ತಿಳಿಸಿದ ಅವರ ಪ್ರಶ್ನೆಗಳು ಕೇಳಬೇಕಾದ ಪ್ರಶ್ನೆಗಳೇ. ಉಷ್ಣತೆಯ ಅಂಕಿಅಂಶಗಳನ್ನು ‘ತಿದ್ದಿದ್ದಾರೆ’ ಎಂಬ ಅವರ ಆರೋಪವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಷ್ಣತೆ ಅಳೆದು ದಾಖಲಿಸುವ ಕೆಲಸದಲ್ಲೇ ನನ್ನ ಆಯುಷ್ಯ ಕಳೆದಿದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ನಾವು ಉಷ್ಣತೆ ಓದುತ್ತಿದ್ದ ಬಗೆ ನಿನಗೆ ಗೊತ್ತಿರಲಿ. ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ಗಾಳಿಯಾಡಲು ಸುತ್ತಲೂ ಓರೆ ಪಟ್ಟಿಗಳು, ಒಳಗೆ ಬಿಸಿಲು ನೇರವಾಗಿ ಬೀಳದಂತೆ ಉತ್ತರಕ್ಕೆ ಬಾಗಿಲು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆದು, ಕಣ್ಣನ್ನು ಪಾದರಸದ ಮಟ್ಟಕ್ಕೇ ತಂದು, ನಮ್ಮ ಮೈಯ ಶಾಖ ತಗಲುವ ಮೊದಲೇ ಓದಿ ಮುಗಿಸಬೇಕು. ಮೊದಲು ಡಿಗ್ರಿಯ ದಶಾಂಶ ಭಾಗ, ನಂತರ ಪೂರ್ಣಾಂಕ. ಬರೆದಾದ ಮೇಲೆ ಮತ್ತೊಮ್ಮೆ ನೋಡಬೇಕು.

ಇನ್ನು ತಿದ್ದುವುದೆಂದರೆ ಏನು? ಕೊಲಾಬಾದ ವೀಕ್ಷಣಾಲಯ 1826ರಷ್ಟು ಹಳೆಯದು. ಭೂಕಾಂತತೆಯನ್ನೂ ಅಲ್ಲೇ ಅಳೆಯುತ್ತಿದ್ದರು. ಮುಂಬಯಿಯ ಟ್ರಾಮ್‌ಗಳಿಗೆ ವಿದ್ಯುತ್ ಬರುತ್ತದೆ ಎಂದಾಗ ಆ ಮಾಪನ ಕೆಡುತ್ತದೆಂದು ಕಾಂತೀಯ ಉಪಕರಣಗಳನ್ನು 1904ರಲ್ಲಿ ಅಲಿಬಾಗ್‌ಗೆ ಒಯ್ದರು. ಆದರೆ ಕೊಲಾಬಾದ ಕಾಂತೀಯ ಮಾಪನವನ್ನು ಕೂಡಲೇ ನಿಲ್ಲಿಸಲಿಲ್ಲ. ಕೆಲಕಾಲ ಎರಡೂ ಕಡೆ ಒಟ್ಟಿಗೆ ಅಳೆದು, ಎರಡು ಜಾಗಗಳ ನಡುವಿನ ವ್ಯತ್ಯಾಸವೆಷ್ಟು ಎಂದು ಕಂಡುಕೊಂಡ ಮೇಲೆಯೇ ಹಳೆಯ ದಾಖಲೆಗೆ ಹೊಸದನ್ನು ಜೋಡಿಸಿದರು. ಉಷ್ಣತೆಯ ದಾಖಲೆಗಳಲ್ಲಿ ಮಾಡುವ ತಿದ್ದುಪಡಿಯೂ ಇದೇ ಜಾತಿಯದು. ಪೆಟ್ಟಿಗೆಯ ಜಾಗ ಬದಲಾದರೆ, ಪಕ್ಕದಲ್ಲಿ ಕಟ್ಟಡ ಎದ್ದರೆ, ಆ ವ್ಯತ್ಯಾಸವನ್ನು ತೆಗೆಯದೇ ಇರುವುದೇ ಅಪ್ರಾಮಾಣಿಕತೆ.

ನಗರದ ಕಾಂಕ್ರೀಟಿನ ಶಾಖವನ್ನೇ ಭೂಮಿಯ ತಾಪವೆಂದು ಎಣಿಸುತ್ತಿದ್ದಾರೆ ಎನ್ನುವುದು ಅವರ ಇನ್ನೊಂದು ಸಂದೇಹ. ಇದೇ ಸಂದೇಹ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗೂ ಇತ್ತು. ಅವರು ಭಾಷಣ ಮಾಡುತ್ತ ತಿರುಗಲಿಲ್ಲ. ಒಂದು ತಂಡ ಕಟ್ಟಿ ಜಗತ್ತಿನ ದಾಖಲೆಗಳನ್ನೆಲ್ಲ ತಾವೇ ಮೊದಲಿನಿಂದ ಲೆಕ್ಕ ಹಾಕಿದರು. ಅದಕ್ಕೆ ಬಂದ ಹಣದಲ್ಲಿ ತೈಲೋದ್ಯಮದ ಕೋಕ್ ಕುಟುಂಬದ ಪ್ರತಿಷ್ಠಾನದ ಪಾಲೂ ಇತ್ತು. 2012ರಲ್ಲಿ ಅವರು ಬಹಿರಂಗವಾಗಿ ಬರೆದರು: ತಾಪ ಏರಿರುವುದು ನಿಜ, ಅದಕ್ಕೆ ಬಹುತೇಕ ಪೂರ್ತಿಯಾಗಿ ಮನುಷ್ಯನೇ ಕಾರಣ ಎಂದು. ಸಂದೇಹಪಡುವವರನ್ನು ನಾನು ಅಳೆಯುವುದು ಹೀಗೆ. ಯಾವ ಪುರಾವೆ ತೋರಿಸಿದರೆ ಒಪ್ಪುತ್ತೀರಿ ಎಂದು ಕೇಳು. ಉತ್ತರವಿದ್ದರೆ ಅವರೊಡನೆ ರಾತ್ರಿಯಿಡೀ ಕೂತು ಮಾತನಾಡಬಹುದು. ಉತ್ತರವೇ ಇಲ್ಲದಿದ್ದರೆ ಅಲ್ಲಿ ಚರ್ಚೆಗೆ ಜಾಗವಿಲ್ಲ.

‘ಸೂರ್ಯನೇ ಕಾರಣ, ಭೂಮಿ ಹಿಂದೆಯೂ ಬಿಸಿಯಾಗಿತ್ತು, ತಣ್ಣಗಾಗಿತ್ತು’ ಎನ್ನುವ ಮಾತಿಗೂ ಉತ್ತರವಿದೆ. ಹಿಂದೆ ಆಗಿದ್ದು ನಿಜ. ಭೂಮಿಯ ಕಕ್ಷೆ ಹತ್ತಾರು ಸಾವಿರ ವರ್ಷಗಳಲ್ಲಿ ಮೆಲ್ಲನೆ ಬದಲಾಗುವುದರಿಂದ ಹಿಮಯುಗಗಳು ಬಂದು ಹೋಗಿವೆ. ಈಗಿನ ಬಿಸಿಗೆ ಅದು ಕಾರಣವೇ ಎನ್ನುವುದು ಪ್ರಶ್ನೆ. ಉಪಗ್ರಹಗಳು 1978ರಿಂದ ಸೂರ್ಯನ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. ಹನ್ನೊಂದು ವರ್ಷಗಳ ಏರಿಳಿತ ಬಿಟ್ಟರೆ ಅದು ಹೆಚ್ಚಿಲ್ಲ. ಸೂರ್ಯನೇ ಕಾರಣನಾಗಿದ್ದರೆ ವಾತಾವರಣ ಕೆಳಗೂ ಮೇಲೂ ಬಿಸಿಯಾಗಬೇಕಿತ್ತು. ಕೆಳಗಿನ ಗಾಳಿ ಬಿಸಿಯಾಗಿದೆ, ಮೇಲಿನ ಸ್ತರಗೋಳ ತಣ್ಣಗಾಗಿದೆ. ಓಝೋನ್ ಕ್ಷೀಣಿಸಿದ್ದೂ ಅದಕ್ಕೆ ಸ್ವಲ್ಪ ಕಾರಣ. ಆದರೆ ಸ್ತರಗೋಳದ ಮೇಲಿನ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು ಸ್ಪಷ್ಟವಾಗಿ ಕಾಣುತ್ತದೆ. ಈ ಅನಿಲ ಹೆಚ್ಚಾದರೆ ಹೀಗೇ ಆಗುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು.

ಆ ಅನಿಲ ನಮ್ಮದೇ ಎನ್ನುವುದಕ್ಕೆ ಗುರುತು ಅದರ ಒಳಗೇ ಇದೆ. ಕಲ್ಲಿದ್ದಲು, ತೈಲಗಳು ಕೋಟ್ಯಂತರ ವರ್ಷ ನೆಲದಡಿ ಇದ್ದವು. ಕಾಲ ಕಳೆದಂತೆ ಕ್ಷಯಿಸುವ, ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಅವುಗಳಲ್ಲಿ ಉಳಿದಿರುವುದಿಲ್ಲ. ವಾತಾವರಣದಲ್ಲಿ ಅಂಥ ಹಳೆಯ ಇಂಗಾಲ ಸೇರುತ್ತಿರುವುದನ್ನು 1950ರ ದಶಕದಲ್ಲೇ ಗುರುತಿಸಿದರು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಮೆರಿಕದ ವಿಜ್ಞಾನಿ ಕೀಲಿಂಗ್ ಅಳೆಯತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ, ಕಾರ್ಖಾನೆಗಳ ಕಾಲಕ್ಕೆ ಮೊದಲಿನ ಎಂಟು ಲಕ್ಷ ವರ್ಷಗಳಲ್ಲಿ ಅದು ಎಂದೂ ಸುಮಾರು 300ನ್ನು ಮೀರಿರಲಿಲ್ಲ.

ವಿಜ್ಞಾನಿಗಳು ಅವಸರಪಟ್ಟು ತೀರ್ಪು ಕೊಟ್ಟರೆಂದು ಯಾರಾದರೂ ಅಂದರೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಗಳನ್ನು ಸಾಲಾಗಿ ಇಟ್ಟು ಓದಲಿ. 1995ರಲ್ಲಿ ಮನುಷ್ಯನ ಪ್ರಭಾವ ‘ಗುರುತಿಸುವಷ್ಟು ಇದೆ’ ಎಂದು ಅಳೆದು ಸುರಿದು ಹೇಳಿದ ಸಮಿತಿ, ಒಂದೊಂದು ವರದಿಗೂ ಒಂದೊಂದು ಹೆಜ್ಜೆ ಮುಂದಿಟ್ಟು, 2021ರಲ್ಲಿ ‘ನಿಸ್ಸಂದಿಗ್ಧ’ ಎಂದಿತು. ಇಪ್ಪತ್ತಾರು ವರ್ಷ ತೂಗಿ ನೋಡಿ ಆಡಿದ ಮಾತು ಅದು.

ಇನ್ನು ‘ಇದೆಲ್ಲ ಪಾಶ್ಚಾತ್ಯರ ಹುನ್ನಾರ, ನಮ್ಮ ದೇಶ ಬೆಳೆಯದಂತೆ ತಡೆಯುವ ತಂತ್ರ’ ಎನ್ನುವುದು. ನಮ್ಮವರಲ್ಲಿ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುವುದು ಈ ಮಾತಿಗೇ, ಅದಕ್ಕೇ ನನಗೆ ಕಳವಳ. ಕೈಗಾರಿಕಾ ಯುಗದಿಂದ ಈವರೆಗೆ ಸುಟ್ಟ ಇಂಧನದ ಹೊಗೆಯಲ್ಲಿ ಸುಮಾರು ಕಾಲುಭಾಗ ಅಮೆರಿಕ ಒಂದರದೇ. ಇಂದಿಗೂ ಅಲ್ಲಿಯ ಒಬ್ಬನ ಪಾಲು ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ನಮ್ಮವನದು 2 ಟನ್ ಆಸುಪಾಸು. ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಈ ಅನ್ಯಾಯವನ್ನು ಜಗತ್ತಿನ ಮುಂದಿಟ್ಟರು. ಬಡವನ ಗದ್ದೆಯಿಂದ ಹೊಮ್ಮುವ ಅನಿಲವನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎನ್ನುವುದು ಅವರ ವಾದದ ಸಾರ. ಆದರೆ ಈ ನ್ಯಾಯ ಕೇಳಬೇಕಾದರೆ ಮೊದಲು ಮನುಷ್ಯನೇ ಕಾರಣ ಎಂದು ಒಪ್ಪಬೇಕು. ಸಾಲ ಮಾಡಿದವರೇ ಇಲ್ಲ ಎಂದ ಮೇಲೆ ತೀರಿಸು ಎಂದು ಯಾರನ್ನು ಕೇಳುವುದು? 2022ರಲ್ಲಿ ಈಜಿಪ್ಟಿನ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳು ಹಟ ಹಿಡಿದು ನಷ್ಟಪರಿಹಾರ ನಿಧಿಗೆ ಒಪ್ಪಿಗೆ ಪಡೆದವಲ್ಲ, ಆ ಬೇಡಿಕೆ ನಿಂತಿದ್ದೇ ಈ ವಿಜ್ಞಾನದ ಮೇಲೆ. ನಮ್ಮ ವಾದದ ಅಡಿಪಾಯವನ್ನು ನಾವೇ ಅಗೆದು ಹಾಕಿಕೊಂಡರೆ ಅದರಿಂದ ಲಾಭವಾಗುವುದು ಯಾರಿಗೆ ಎಂದು ನಿಮ್ಮ ಎಂಜಿನಿಯರರನ್ನೇ ಕೇಳು. ಮತ್ತೆ, ಇದು ಬಿಳಿಯರ ವಿಜ್ಞಾನ ಎನ್ನುವವರಿಗೆ ವೀರಭದ್ರನ್ ರಾಮನಾಥನ್ ಅವರ ಹೆಸರು ಹೇಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಅನಿಲಗಳೂ ಭೂಮಿಯನ್ನು ಬಲವಾಗಿ ಕಾಯಿಸುತ್ತವೆ ಎಂದು 1975ರಲ್ಲಿ ಕಂಡುಹಿಡಿದದ್ದು ಅವರು.

ಈ ಸಂದೇಹಗಳೆಲ್ಲ ತಾವಾಗಿ ಹುಟ್ಟಿದವಲ್ಲ. ಧೂಮಪಾನದಿಂದ ಕ್ಯಾನ್ಸರ್ ಬರುತ್ತದೆ ಎಂದಾಗ ಅಮೆರಿಕದ ಒಂದು ಸಿಗರೇಟು ಕಂಪನಿ 1969ರ ಒಳಟಿಪ್ಪಣಿಯಲ್ಲಿ, ನಾವು ತಯಾರಿಸುವ ಸರಕು ಸಂದೇಹ ಎಂದೇ ಬರೆದುಕೊಂಡಿತ್ತು. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಹಾಕಿದ ಲೆಕ್ಕಗಳು ಬಹುಪಾಲು ನಿಜವಾಗಿವೆ ಎಂದು 2023ರ ಅಧ್ಯಯನ ತೋರಿಸಿತು. ಅದೇ ಕಂಪನಿ ಹೊರಗೆ ಮಾತ್ರ ವರ್ಷಗಟ್ಟಲೆ ಅನುಮಾನ ಬಿತ್ತಿತು. ಇದನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟನ್ನು ನಿಮ್ಮ ಹಿರಿಯರ ಮೇಲೆ ತೀರಿಸಿಕೊಳ್ಳಬೇಡ. ಅವರು ಕೇಳಿದ್ದನ್ನು ನಂಬಿದವರು, ಬಿತ್ತಿದವರಲ್ಲ.

ನಮ್ಮ ಕಡೆಯವರಿಗೂ ಒಂದು ಎಚ್ಚರಿಕೆ. 2005ರ ಜುಲೈ 26ರ ಮುಂಬಯಿ ಮಳೆಯನ್ನು ತೋರಿಸಿ ‘ಇದೇ ಸಾಕ್ಷಿ’ ಎನ್ನಬೇಡ. ಅಂದು ಸಾಂತಾಕ್ರೂಝ್‌ನಲ್ಲಿ 944 ಮಿಲಿಮೀಟರ್ ಸುರಿದಾಗ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಾತ್ರ. ಒಂದು ದಿನ, ಒಂದು ಬಡಾವಣೆಯಿಂದ ಹವಾಮಾನದ ತೀರ್ಮಾನ ಆಗುವುದಿಲ್ಲ. ಮಿಠಿ ನದಿಯನ್ನು ಒತ್ತುವರಿ ಮಾಡಿದ ತಪ್ಪನ್ನು ಇಂಗಾಲದ ತಲೆಗೆ ಕಟ್ಟುವುದೂ ಸರಿಯಲ್ಲ. ಹೇಳುವುದಾದರೆ ದೀರ್ಘ ದಾಖಲೆ ಹೇಳು: ಪಾಷಾಣ್‌ನ ಅದೇ ಸಂಸ್ಥೆ ಸಿದ್ಧಪಡಿಸಿದ 2020ರ ವರದಿಯಂತೆ, 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ.

ಹಾಗಾದರೆ ಚರ್ಚೆ ಬೇಡವೇ? ಖಂಡಿತ ಬೇಕು, ನಿಜವಾದ ಭಿನ್ನಾಭಿಪ್ರಾಯ ಇರುವ ಕಡೆ. ನಮ್ಮ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿದೆ. ಅದನ್ನು ಎಷ್ಟು ಬೇಗ ಬಿಡಬಹುದು, ಗಣಿಯ ಕೂಲಿಕಾರರ ಗತಿಯೇನು? ಪುಣೆಯ ಮುಳಾ–ಮುಠಾ ನದಿಗಳ ದಂಡೆಯ ಅಭಿವೃದ್ಧಿ ಯೋಜನೆ ಪ್ರವಾಹವನ್ನು ತಗ್ಗಿಸುತ್ತದೆಯೋ ಹೆಚ್ಚಿಸುತ್ತದೆಯೋ? ಇಲ್ಲಿ ಎರಡಲ್ಲ, ನಾಲ್ಕು ಕುರ್ಚಿ ಹಾಕು. ನಿಮ್ಮ ಎಂಜಿನಿಯರರು ಉಷ್ಣವಿದ್ಯುತ್ ಸ್ಥಾವರದಲ್ಲಿ ದುಡಿದವರೆಂದು ಬರೆದಿದ್ದೀಯೆ. ಸೂರ್ಯ ಮುಳುಗಿದ ಮೇಲೆ ಊರಿಗೆ ದೀಪ ಎಲ್ಲಿಂದ ತರುತ್ತೀರಿ ಎಂದು ಅವರು ಕೇಳಿದರೆ ಆ ಪ್ರಶ್ನೆಗೆ ಪೂರ್ತಿ ಅರ್ಹತೆ ಇದೆ, ವಿಜ್ಞಾನಿಯೂ ಅವರಿಂದ ಕಲಿಯಬಹುದು. ಅವರ ಮನೆಗೆ ನೀನೇ ಹೋಗಿ, ವಿಷಯ ಏಕೆ ಬದಲಾಯಿಸುತ್ತಿದ್ದೀಯೆ ಎಂದು ಮುಚ್ಚುಮರೆಯಿಲ್ಲದೆ ಹೇಳು. ಬೇಕಿದ್ದರೆ ಈ ಪತ್ರವನ್ನೇ ಓದಲು ಕೊಡು.

ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ಫೋನ್ ಮಾಡು. ವಿಷಯ ಬದಲಾದರೆ ನಾನೂ ಕಲ್ಯಾಣದಿಂದ ಇಂದ್ರಾಯಣಿ ರೈಲು ಹಿಡಿದು ಬರುತ್ತೇನೆ, ಶಿವಾಜಿನಗರದಲ್ಲಿ ಕರೆದುಕೊಳ್ಳಲು ಬಾ. ಅಣ್ಣ–ಅತ್ತಿಗೆಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಸೋದರತ್ತೆ