ಈ ವಾರದ ಓದು: ಗಿಲ್ಗಮೆಶ್

ಎಲ್ಲರಿಗೂ ನಮಸ್ಕಾರ. ಜಗತ್ತಿನ ವೀರಕಥೆಗಳ ಓದಿನಲ್ಲಿ ಈ ವಾರ ಪ್ರಾಚೀನ ಮೆಸೊಪೊಟೇಮಿಯಾದ (ಈಗಿನ ಇರಾಕ್ ಸುತ್ತಲಿನ ಪ್ರದೇಶ) ವೀರಕಾವ್ಯ ಗಿಲ್ಗಮೆಶ್. ಭಾನುವಾರದ ಚರ್ಚೆಗೆ ಮುಂಚೆ 11ನೇ ಫಲಕವನ್ನಾದರೂ ದಯವಿಟ್ಟು ಓದಿಕೊಂಡು ಬನ್ನಿ. ಅಲ್ಲಿನ ಹಳೆಯ ನಗರ ನಿನೆವೆಯಲ್ಲಿ ಸಿಕ್ಕ ಈ ಜೇಡಿಮಣ್ಣಿನ ಫಲಕದಲ್ಲಿದ್ದ ಜಲಪ್ರಳಯದ ಕಥೆಯನ್ನು 1872ರಲ್ಲಿ ಇಂಗ್ಲಿಷ್ ವಿದ್ವಾಂಸ ಜಾರ್ಜ್ ಸ್ಮಿತ್ ಓದಿ ತಿಳಿಸಿದಾಗ ಲೋಕವೇ ಬೆರಗಾಗಿತ್ತು.

ಆದರೆ ನನ್ನನ್ನು ಕಾಡುವುದು ಪ್ರಳಯವಲ್ಲ, ನಿದ್ದೆ. ಗೆಳೆಯ ಎಂಕಿಡು ಸತ್ತ ಮೇಲೆ ಉರುಕ್ ನಗರದ ರಾಜ ಗಿಲ್ಗಮೆಶ್ ಸಾವನ್ನೇ ಗೆಲ್ಲಲು ಹೊರಡುತ್ತಾನೆ. ಪ್ರಳಯದಲ್ಲಿ ಉಳಿದು ಅಮರನಾದ ಉತ್ನಪಿಷ್ಟಿಮ್ ಅವನಿಗೆ ಆರು ಹಗಲು ಏಳು ರಾತ್ರಿ ಎಚ್ಚರವಾಗಿರು ನೋಡೋಣ ಎಂದರೆ, ಕೂತಲ್ಲೇ ನಿದ್ದೆ ಹೋಗುತ್ತಾನೆ! ಅವನು ಮಲಗಿದ ದಿನಗಳ ಲೆಕ್ಕಕ್ಕೆ ದಿನಕ್ಕೊಂದು ರೊಟ್ಟಿ ಸುಟ್ಟು ಪಕ್ಕದಲ್ಲಿ ಇಡುತ್ತಾರೆ. ಎದ್ದಾಗ ಮೊದಲನೆಯದು ಒಣಗಿ ಹೋಗಿರುತ್ತದೆ. ಸೋಲನ್ನು ಇಷ್ಟು ಮನೆಮಾತಿನಷ್ಟು ಸರಳವಾಗಿ ಹೇಳಿದ ಇನ್ನೊಂದು ವೀರಕಾವ್ಯ ನನಗೆ ಸಿಕ್ಕಿಲ್ಲ.

ಮುಂದಿನ ವಾರ ಮಧ್ಯ ಏಷ್ಯಾದ ಕಿರ್ಗಿಜ್ ಜನರ ವೀರಕಾವ್ಯ ‘ಮನಸ್’. ಹಾಡುಗಾರರ ಬಾಯಲ್ಲಿ ಉಳಿದು ಬಂದದ್ದು, ಅದರ ಒಂದು ಪಾಠಾಂತರವಂತೂ ಐದು ಲಕ್ಷ ಸಾಲು ದಾಟುತ್ತದೆ. ನಾವು ಆಯ್ದ ಭಾಗವನ್ನಷ್ಟೇ ಓದೋಣ.

ಓದುವಾಗ ನಿಮ್ಮನ್ನು ತಡೆದು ನಿಲ್ಲಿಸಿದ ಸಾಲನ್ನು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಧ್ವನಿ ಸಂದೇಶವಾದರೂ ಸರಿ.