ಮಗಳೇ, ಆ ಅನುಭವದ ಹಿಂದೆ ಓಡಬೇಡ

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದ ಕೂಡಲೇ ಉತ್ತರ ಬರೆಯಲಿಲ್ಲ. ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸುವ ವಿಷಯ ಇದಲ್ಲ.

ಒಂದು ಸಂಜೆ ಧ್ಯಾನಕ್ಕೆ ಕೂತಿದ್ದಾಗ ಒಮ್ಮೆಲೇ ಎಲ್ಲ ನಿಂತ ಹಾಗಾಯಿತು, 'ನಾನು' ಅನ್ನುವುದೇ ಕಳಚಿ ಬಿದ್ದ ಹಾಗಾಯಿತು, ಭಯ ಆಗಲಿಲ್ಲ, ಸುಮ್ನೆ ಅಳು ಬಂತು ಅಂತ ಬರೆದಿದ್ದೀಯ. ನಾನು ನಂಬುತ್ತೇನೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಧರ್ಮದಲ್ಲಿ, ಯಾವ ಧರ್ಮವನ್ನೂ ನಂಬದವರಲ್ಲೂ ಎಷ್ಟೋ ಜನ ಇದನ್ನೇ ಹೇಳಿದ್ದಾರೆ. ಕೆಲವು ದಿನಕ್ಕೆ ಅದು ಹೊರಟುಹೋಯಿತು, ಈಗ ಎಷ್ಟು ಹೊತ್ತು ಕೂತರೂ ಬರುತ್ತಿಲ್ಲ, ನನ್ನಿಂದ ಏನು ತಪ್ಪಾಯಿತು ಅಂತ ಕೇಳಿದ್ದೀಯ.

ಏನೂ ತಪ್ಪಾಗಿಲ್ಲ ಕಂದ. ಬಂದದ್ದು ಹೋಗುತ್ತದೆ. ಎಷ್ಟೇ ದೊಡ್ಡ ಅನುಭವವಾದರೂ ಅಷ್ಟೇ.

ಸ್ಪೇನ್ ದೇಶದಲ್ಲಿ 16ನೇ ಶತಮಾನದಲ್ಲಿ ಜಾನ್ ಆಫ್ ದಿ ಕ್ರಾಸ್ ಅನ್ನುವ ಸಂತ ಕವಿ ಇದ್ದರು. ಪ್ರಾರ್ಥನೆಯಲ್ಲಿ ಮೊದಮೊದಲು ಸಿಗುವ ಸವಿ ಆಮೇಲೆ ಯಾಕೆ ಬತ್ತಿಹೋಗುತ್ತದೆ ಅಂತ ಅವರು ಬಹಳ ಯೋಚಿಸಿ ಬರೆದಿದ್ದಾರೆ. ತಾಯಿ ಮಗುವಿಗೆ ಹಾಲು ಬಿಡಿಸುವ ಹಾಗೆ ಇದು ಅನ್ನುತ್ತಾರೆ ಅವರು. ಎಳೆಗೂಸನ್ನು ತಾಯಿ ಎದೆಗಪ್ಪಿಕೊಂಡೇ ಇರುತ್ತಾಳೆ. ಬೆಳೆಯುತ್ತಾ ಬಂದ ಹಾಗೆ ಎದೆಗೆ ಕಹಿ ಹಚ್ಚುತ್ತಾಳೆ, ತೋಳಿನಿಂದ ಕೆಳಗಿಳಿಸುತ್ತಾಳೆ. ಮಗು ತನ್ನ ಕಾಲ ಮೇಲೆ ನಡೆಯಲಿ ಅಂತ. ಕೆಳಗಿಳಿಸಿದಾಗ ಮಗು ಅಳದೆ ಇರುತ್ತದಾ? ಅಮ್ಮನಿಗೆ ತಾನು ಬೇಡವಾದೆ ಅಂತಲೇ ಅದು ಅಂದುಕೊಳ್ಳುತ್ತದೆ. ನಿನ್ನ ಪತ್ರದಲ್ಲಿ ನನಗೆ ಕೇಳಿಸಿದ್ದು ಆ ಅಳು.

ಹಾಗಾಗಿ ಆ ಸಂಜೆಯನ್ನು ಮತ್ತೆ ಹುಡುಕಬೇಡ. ಬೇರೆ ಒಂದನ್ನು ನೋಡು. ಆ ಶಾಂತಿ ಬಂತು ಅಂತ ನಿನಗೆ ಗೊತ್ತಾಯಿತು. ಹೋಯಿತು ಅಂತಲೂ ಗೊತ್ತಾಯಿತು. ಈಗ ಬೇಜಾರಾಗಿದೆ ಅನ್ನುವುದೂ ಗೊತ್ತಿದೆ. ಈ ಮೂರೂ ಗೊತ್ತಾಗುತ್ತಿರುವುದು ಯಾರಿಗೆ? ನೀನು ಐದು ವರ್ಷದವಳಾಗಿದ್ದಾಗಿನ ಮೈ ಈಗಿಲ್ಲ. ಆಗಿನ ಆಸೆ, ಹೆದರಿಕೆ, ಹಟ ಯಾವುದೂ ಈಗಿಲ್ಲ. ಆದರೂ 'ಅದು ನಾನೇ' ಅಂತ ಒಂದಿಷ್ಟೂ ಅನುಮಾನವಿಲ್ಲದೆ ಹೇಳುತ್ತೀಯ. ಆ 'ನಾನು' ಯಾವುದು? ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಋಷಿಗಳು 'ನೇತಿ ನೇತಿ' ಅಂದದ್ದು ಇದರ ಬಗ್ಗೆಯೇ. ಇದಲ್ಲ, ಇದೂ ಅಲ್ಲ. ತೋರಿಸಬಹುದಾದ ಯಾವುದೂ ಅದಲ್ಲ. ಆ ಸಂಜೆಯ ಅನುಭವವೂ ತೋರಿಸಬಹುದಾದ ಒಂದು ವಸ್ತುವೇ ಅಲ್ವಾ? ಹಾಗಾದರೆ ಅದೂ ಅಲ್ಲ.

ರಮಣ ಮಹರ್ಷಿಗಳ ವಿಷಯ ನೀನೇ ಎತ್ತಿದ್ದೀಯ. 1896ರ ಜುಲೈ, ಮಧುರೈ. ಹದಿನಾರು ವರ್ಷದ ಹುಡುಗ ಮಹಡಿಯ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಕಾಯಿಲೆ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಈಗ ಸಾಯುತ್ತೇನೆ ಅನ್ನುವ ಭಯ ಹಿಡಿಯಿತು. ಅವನು ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಮಲಗಿದ, ಉಸಿರು ಬಿಗಿಹಿಡಿದ, ತುಟಿ ಮುಚ್ಚಿದ. ಈ ದೇಹ ಸತ್ತರೆ ನಾನೂ ಸತ್ತ ಹಾಗಾ ಅಂತ ಒಳಗೇ ನೋಡಿದ. ಅಲ್ಲಿಗೆ ಸಾವಿನ ಭಯ ಹೋಯಿತು, ಮತ್ತೆ ಯಾವತ್ತೂ ಬರಲಿಲ್ಲ.

ಎಲ್ಲರೂ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಂದಿನದೂ ಬೇಕು. ಆರು ವಾರದ ನಂತರ ಹುಡುಗ ಮನೆ ಬಿಟ್ಟು ಹೊರಟ. ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈ ಸೇರಿದ. 1898ರಲ್ಲಿ ತಾಯಿ ಅಳಗಮ್ಮಾಳ್ ಹುಡುಕಿಕೊಂಡು ಬಂದರು. ಮನೆಗೆ ಬಾ ಅಂತ ದಿನವೂ ಬೇಡಿಕೊಂಡರು, ಅತ್ತರು. ಮಗ ಮಾತಾಡಲಿಲ್ಲ. ಆಗಬೇಕಾದದ್ದು ಆಗಿಯೇ ತೀರುತ್ತದೆ ಅನ್ನುವ ಅರ್ಥದ ನಾಲ್ಕು ಸಾಲು ಬರೆದುಕೊಟ್ಟರು, ಅಷ್ಟೇ. ತಾಯಿ ಬರಿಗೈಯಲ್ಲಿ ವಾಪಸ್ಸು ಹೋದರು. ಈ ಭಾಗ ಓದುವುದು ನನಗೆ ಯಾವಾಗಲೂ ಕಷ್ಟ. ಆದರೆ 1916ರಲ್ಲಿ ಆಕೆ ಮಗನ ಹತ್ತಿರವೇ ಇರಲು ಬಂದರು. 1922ರ ಮೇ ತಿಂಗಳಲ್ಲಿ ಪ್ರಾಣ ಹೋಗುವಾಗ ಮಗ ಪಕ್ಕದಲ್ಲಿ ಕೂತು, ಒಂದು ಕೈ ಅವರ ತಲೆಯ ಮೇಲೆ, ಒಂದು ಕೈ ಎದೆಯ ಮೇಲೆ ಇಟ್ಟುಕೊಂಡೇ ಇದ್ದರು. ಎಲ್ಲವನ್ನೂ ಬಿಟ್ಟುಬಂದ ಮಗ ಕೊನೆಗೆ ತಾಯಿಯ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಒಳಗಿನ ಎಚ್ಚರ ಅಂದರೆ ಏನು ಅಂತ ನನ್ನನ್ನು ಯಾರಾದರೂ ಕೇಳಿದರೆ, ಮಹಡಿಯ ಕೋಣೆಗಿಂತ ಮೊದಲು ನಾನು ಇದನ್ನು ಹೇಳುತ್ತೇನೆ.

'ನಾನು ಯಾರು' ಅನ್ನುವುದನ್ನು ಜಪದ ಹಾಗೆ ಹೇಳಿಕೊಳ್ಳುತ್ತಿದ್ದೀಯ ಅಂತ ಬರೆದಿದ್ದೀಯಲ್ಲ, ರಮಣರು ಹೇಳಿಕೊಟ್ಟದ್ದು ಹಾಗಲ್ಲ. ಒಂದು ಯೋಚನೆ ಎದ್ದಾಗ ಅದರ ಹಿಂದೆ ಹೋಗದೆ, ಇದು ಬಂದದ್ದು ಯಾರಿಗೆ ಅಂತ ಕೇಳಿಕೋ. ನನಗೆ. ಆ 'ನಾನು' ಎಲ್ಲಿಂದ ಏಳುತ್ತಿದೆ ಅಂತ ಅತ್ತ ತಿರುಗಿ ನೋಡು. ಮಾತಿನಲ್ಲಿ ಉತ್ತರ ಬೇಕಾಗಿಲ್ಲ. ಬಂದರೆ ಅದೂ ಇನ್ನೊಂದು ಯೋಚನೆ. ಇದಕ್ಕೆ ಕಣ್ಣು ಮುಚ್ಚಿ ಕೂರಲೇಬೇಕು ಅಂತಿಲ್ಲ. ಬಸ್ಸಿಗೆ ಕಾಯುವಾಗಲೂ ಆಗುತ್ತದೆ. ಯಾರೋ ಬೈದಾಗ ಒಳಗೆ ಧಗ್ಗನೆ ಏಳುತ್ತದಲ್ಲ, ಆಗ ಇನ್ನೂ ಚೆನ್ನಾಗಿ ಆಗುತ್ತದೆ. 'ನಾನು' ತನ್ನ ಮುಖ ತೋರಿಸುವುದೇ ಅಂಥ ಹೊತ್ತಿನಲ್ಲಿ.

ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಚುಚ್ಚಿತು. 'ನನ್ನ ಗೆಳತಿಯರೆಲ್ಲ ಇನ್ನೂ ನಿದ್ದೆಯಲ್ಲಿದ್ದಾರೆ, ಅವರ ಜೊತೆ ಮಾತಾಡಲು ಏನೂ ಉಳಿದಿಲ್ಲ.' ಇದನ್ನು ಬರೆದದ್ದು ಯಾರು? ಆ ಸಂಜೆ ಕಳಚಿ ಬಿದ್ದ 'ನಾನು' ಅಲ್ವಾ? ಅದು ಎಲ್ಲೂ ಹೋಗಿರಲಿಲ್ಲ. ಈಗ 'ಎಚ್ಚರಾದವಳು' ಅನ್ನುವ ಹೊಸ ಹೆಸರಿಟ್ಟುಕೊಂಡು ಬಂದಿದೆ. ಹಣದ ಜಂಬ, ಓದಿನ ಜಂಬ ಬೇಗ ಕಣ್ಣಿಗೆ ಬೀಳುತ್ತವೆ. ಇದು ಬೀಳುವುದಿಲ್ಲ. ಅದಕ್ಕೇ ಖಾರವಾಗಿ ಹೇಳುತ್ತಿದ್ದೇನೆ. ಒಂದು ಸಾಧನೆಯಿಂದ ಅಕ್ಕಪಕ್ಕದವರು ಚಿಕ್ಕವರಾಗಿ ಕಾಣತೊಡಗಿದರೆ, ಆ ಸಾಧನೆಯನ್ನು ಸ್ವಲ್ಪ ನಿಲ್ಲಿಸಿ ನೋಡುವುದೇ ಒಳ್ಳೆಯದು.

ಇನ್ನೊಂದು ಮಾತು. ನಿದ್ದೆ ಸರಿಯಾಗಿ ಬರುತ್ತಿದೆಯಾ? ಊಟ ರುಚಿಸುತ್ತಿದೆಯಾ? 'ನಾನಿಲ್ಲ' ಅನ್ನುವುದು ಹಗುರವಾಗಿ, ಪ್ರೀತಿಯಾಗಿ ಬಂದರೆ ಒಂದು ರೀತಿ. ಎಲ್ಲವೂ ಗಾಜಿನ ಆಚೆ ಇದ್ದ ಹಾಗೆ, ನಿನ್ನ ಕೈಯೇ ನಿನ್ನದಲ್ಲದ ಹಾಗೆ ಅನ್ನಿಸಿ ದಿಗಿಲಾದರೆ ಅದು ಬೇರೆಯೇ. ಡಾಕ್ಟರುಗಳು ಅದನ್ನು ಡಿಪರ್ಸನಲೈಸೇಷನ್ ಅನ್ನುತ್ತಾರೆ. ತುಂಬಾ ಹೊತ್ತು ಧ್ಯಾನ ಮಾಡುವ ಕೆಲವರಿಗೆ ಆಗುವುದುಂಟು. ಹಾಗೇನಾದರೂ ಇದ್ದರೆ ಧ್ಯಾನ ನಿಲ್ಲಿಸಿ ನನಗೆ ಹೇಳು, ಇಬ್ಬರೂ ಹೋಗಿ ಡಾಕ್ಟರನ್ನು ನೋಡೋಣ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೆಲಸ ಬಿಟ್ಟು ಆಶ್ರಮ ಸೇರಲಾ ಅಂತ ಕೇಳಿದ್ದೀಯ. ಅಡ್ಡ ಬರುವವಳು ನಾನಲ್ಲ. ಆದರೆ ಮನೆ ಬಿಡುತ್ತೇನೆ ಅಂತ ಬಂದವರಿಗೆ ರಮಣರೇ ಬೇಡ ಅನ್ನುತ್ತಿದ್ದರು. ಎಲ್ಲಿ ಹೋದರೂ ಮನಸ್ಸು ಜೊತೆಗೇ ಬರುತ್ತದಲ್ಲ. ಅವರು ಸ್ವತಃ ಎಷ್ಟೋ ವರ್ಷ ಬೆಳಗಿನ ಜಾವ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ನಮ್ಮ ಶರಣರನ್ನೇ ನೋಡು, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವುದನ್ನು ಬಿಡಲಿಲ್ಲ, ನುಲಿಯ ಚಂದಯ್ಯ ಹಗ್ಗ ಹೊಸೆಯುವುದನ್ನು ಬಿಡಲಿಲ್ಲ. ನಿನ್ನ ಕೆಲಸ ನಿನಗೆ ನಿಜವಾಗಿ ಬೇಡವಾಗಿದ್ದರೆ ಬಿಡು, ಆ ಕಾರಣಕ್ಕೇ ಬಿಡು. ದೇವರನ್ನು ನೆಪ ಮಾಡಿಕೊಳ್ಳಬೇಡ. ಮೊದಲು ರಜೆ ಹಾಕಿ ಕೆಲವು ದಿನ ಅಲ್ಲಿ ಇದ್ದು ಬಾ. ಅಲ್ಲಿ ಗುರು ಅನ್ನಿಸಿಕೊಂಡವರಿಗೆ ಪ್ರಶ್ನೆ ಕೇಳಬಹುದಾ, ಹಣದ ಲೆಕ್ಕ ಎಲ್ಲರಿಗೂ ಕಾಣುವ ಹಾಗಿದೆಯಾ, ಬೇಡ ಅಂತ ಹೊರಟವರ ಬಗ್ಗೆ ಉಳಿದವರು ಹೇಗೆ ಮಾತಾಡುತ್ತಾರೆ, ಇವನ್ನೆಲ್ಲ ಗಮನಿಸು. ಆಮೇಲೆ ಕೂತು ಮಾತಾಡೋಣ.

ಅದಕ್ಕೂ ಮೊದಲು, ಈ ವಾರವೇ, ನೀನು ಫೋನ್ ಎತ್ತದೆ ಬಿಟ್ಟಿರುವ ಆ ಗೆಳತಿಗೆ ಫೋನ್ ಮಾಡು. ಧ್ಯಾನದ ಮಾತು ತೆಗೆಯಬೇಡ. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೋ. ಅವಳು ಹೇಗಿದ್ದಾಳೆ ಅಂತ ಮುಂದಿನ ಪತ್ರದಲ್ಲಿ ನನಗೆ ಬರಿ.

ಪ್ರೀತಿಯಿಂದ,
ನಿನ್ನ ಅಮ್ಮ