ಒಂದೇ ಹಂತದ ರಾಕೆಟ್ ಸುದ್ದಿ ಜೊತೆ ತೂಕದ ಲೆಕ್ಕನೂ ಕೊಡಿ

ಮಾನ್ಯ ಸಂಪಾದಕರೇ,

ಚಳ್ಳಕೆರೆ ಹತ್ರ ಇಸ್ರೋದ ಪುಷ್ಪಕ್ ಅನ್ನೋ ರೆಕ್ಕೆ ಇರೋ ಪ್ರಾಯೋಗಿಕ ವಾಹನ ರನ್‌ವೇ ಮೇಲೆ ಇಳಿದಾಗಿಂದ, ರಾಕೆಟ್ ಇನ್ಮೇಲೆ ವಿಮಾನದ ಥರ ಹಾರಿ ಕಕ್ಷೆಗೆ ಹೋಗಿ ಹಾಗೇ ಪೂರ್ತಿ ವಾಪಸ್ ಬರತ್ತೆ ಅನ್ನೋ ಮಾತು ಕೇಳ್ತಾನೇ ಇದೀನಿ, ಸುದ್ದಿಗಳಲ್ಲೂ ಆಗಾಗ ಅದೇ ಧಾಟಿ. ಇನ್ನೊಂದು ಕಡೆ ಒಂದೇ ಹಂತದಲ್ಲಿ, ಅಂದ್ರೆ ದಾರಿಯಲ್ಲಿ ಖಾಲಿ ಟ್ಯಾಂಕು, ಎಂಜಿನ್ ಯಾವ್ದನ್ನೂ ಕಳಚದೇ, ಕಕ್ಷೆ ಮುಟ್ಟೋದು ಸಾಧ್ಯನೇ ಇಲ್ಲ ಅಂತ ಖಡಾಖಂಡಿತವಾಗಿ ವಾದ ಮಾಡೋರೂ ಇದಾರೆ. ಎರಡೂ ಸರಿಯಲ್ಲ. ಅಮೆರಿಕದವರು 1958ರಲ್ಲೇ ಅದರ ತೀರಾ ಹತ್ತಿರಕ್ಕೆ ಹೋಗಿದ್ರು, ಆದ್ರೆ ಆ ಅಟ್ಲಾಸ್ ರಾಕೆಟ್ ಕತೆ ನಮ್ಮಲ್ಲಿ ಯಾರೂ ಸರಿಯಾಗಿ ಹೇಳಲ್ಲ.

ಆ ವರ್ಷ ಡಿಸೆಂಬರ್ 18ಕ್ಕೆ ಹಾರಿದ ಅಟ್ಲಾಸ್ ತಾನೇ ಕಕ್ಷೆ ಸೇರ್ತು, ಮೇಲೆ ಹೋಗಿದ್ದು ಹೆಚ್ಚುಕಮ್ಮಿ 4 ಟನ್ ತೂಕದ ಖಾಲಿ ಟ್ಯಾಂಕು ಮತ್ತು ಎಂಜಿನ್, ಅದರೊಳಗೆ ಕೆಲಸಕ್ಕೆ ಬರೋ ಸಲಕರಣೆ ಅಂತ ಇದ್ದಿದ್ದು 70 ಕೆಜಿ ಆಸುಪಾಸು ಅಷ್ಟೇ. ಅಧ್ಯಕ್ಷ ಐಸೆನ್‌ಹೋವರ್ ಅವರ ಕ್ರಿಸ್‌ಮಸ್ ಸಂದೇಶದ ಟೇಪ್ ಅಲ್ಲಿಂದ ಪ್ರಸಾರ ಆಯ್ತು. ಅದಕ್ಕೆ ಮೂರು ಎಂಜಿನ್, ಮೂರನ್ನೂ ನೆಲದಲ್ಲೇ ಹೊತ್ತಿಸ್ತಿದ್ರು, ಯಾಕಂದ್ರೆ ದ್ರವ ಇಂಧನದ ಎಂಜಿನ್ ಮೇಲೆ ಹೋದಮೇಲೆ ಸ್ಟಾರ್ಟ್ ಆಗತ್ತೋ ಇಲ್ವೋ ಅಂತ ಆಗಿನ ಎಂಜಿನಿಯರ್‌ಗಳಿಗೆ ಧೈರ್ಯ ಇರ್ಲಿಲ್ಲ. ದಾರಿ ಮಧ್ಯೆ ಎರಡು ಎಂಜಿನ್ ಕಳಚಿ ಬೀಳ್ತಿದ್ವು, ಟ್ಯಾಂಕ್ ಮಾತ್ರ ಕೊನೇವರೆಗೂ ಅದೇ. ಅದಕ್ಕೇ ಇದನ್ನ ಒಂದೂವರೆ ಹಂತದ ರಾಕೆಟ್ ಅಂತಾರೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಆ ಟ್ಯಾಂಕು. ಬೆಲ್ಜಿಯಂನಲ್ಲಿ ಹುಟ್ಟಿದ ಕಾರೆಲ್ ಬೊಸಾರ್ಟ್ ಅನ್ನೋ ಎಂಜಿನಿಯರ್ ಒಳಗಿನ ಅಡ್ಡಪಟ್ಟಿ ಚೌಕಟ್ಟು ಎಲ್ಲಾ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ತಗಡಲ್ಲೇ ಟ್ಯಾಂಕ್ ಮಾಡಿಸಿದ್ರು, ಕೆಲವು ಕಡೆ ಒಂದು ಮಿಲಿಮೀಟರ್‌ಗಿಂತ ತೆಳು, ಒಳಗೆ ಗ್ಯಾಸ್ ಪ್ರೆಶರ್ ಇದ್ರೆ ಮಾತ್ರ ಅದು ನೆಟ್ಟಗೆ ನಿಲ್ಲೋದು. 1963ರಲ್ಲಿ ಅಮೆರಿಕದ ವಾಂಡೆನ್‌ಬರ್ಗ್ ಉಡಾವಣಾ ಕೇಂದ್ರದ ಲಾಂಚ್ ಪ್ಯಾಡ್ ಮೇಲೆ ಒಂದು ಅಟ್ಲಾಸ್ ಪ್ರೆಶರ್ ಹೋಗಿ ಅಲ್ಲೇ ಮುದುಡಿ ಕುಸಿದುಬಿತ್ತು. ಅಷ್ಟು ಸೂಕ್ಷ್ಮವಾದ ರಾಕೆಟ್ ಮೇಲೇ 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಕೂತು ಭೂಮಿ ಸುತ್ತಿ ಬಂದಿದ್ದು!

ಇಷ್ಟು ಒದ್ದಾಟ ಯಾಕೆ ಅಂದ್ರೆ ಉತ್ತರ ರಷ್ಯಾದ ವಿಜ್ಞಾನಿ ತ್ಸಿಯೋಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ, ರಾಕೆಟ್ ವೇಗಕ್ಕೂ ತೂಕಕ್ಕೂ ಇರೋ ಸಂಬಂಧದ ಸೂತ್ರದಲ್ಲೇ ಇದೆ. ಗಾಳಿ ತಡೆ, ಗುರುತ್ವ ಎಲ್ಲಾ ಸೇರಿ ಕಕ್ಷೆಗೆ ಹೋಗೋಕೆ ಸೆಕೆಂಡಿಗೆ 9.3 ಕಿಮೀ ಆಸುಪಾಸಿನ ವೇಗ ಬೇಕು, ಸೀಮೆಎಣ್ಣೆ ಎಂಜಿನ್ ಹೊಗೆ ಹೊರಗೆ ಬರೋ ವೇಗ 3.3 ಕಿಮೀ ಅಂತಿಟ್ಕೊಳ್ಳಿ, ಆಗ ಹೊರಡೋ ತೂಕದಲ್ಲಿ ನೂರಕ್ಕೆ 94 ಪಾಲು ಇಂಧನ ಮತ್ತು ಆಕ್ಸಿಜನ್ನೇ ಆಗಿರ್ಬೇಕು. ಉಳಿದ 6 ಪಾಲಲ್ಲಿ ಟ್ಯಾಂಕು, ಎಂಜಿನ್ನು, ಉಪಗ್ರಹ, ಎಲ್ಲಾ. ಎರಡನೇ ಮಹಾಯುದ್ಧದ ಜರ್ಮನಿಯ ವಿ-2 ಕ್ಷಿಪಣಿ ಹೊರಡುವಾಗ ಹನ್ನೆರಡೂವರೆ ಟನ್ ಇದ್ರೆ ಸಿಡಿತಲೆ ಸೇರಿ ಖಾಲಿ ತೂಕನೇ ಸುಮಾರು 4 ಟನ್, ಅಲ್ಲಿಂದ ಹದಿನೈದೇ ವರ್ಷದಲ್ಲಿ ಅಟ್ಲಾಸ್‌ಗೆ ಬಂದಿದ್ದು ಸಣ್ಣ ಸಾಧನೆ ಅಲ್ಲ.

ಹೋಗೋದಷ್ಟೇ ಆದ್ರೆ ಹೇಗೋ ಆಗತ್ತೆ, ವಾಪಸ್ ಬರ್ಬೇಕು ಅಂದಾಗ ಕಷ್ಟ ಶುರು. ಶಾಖ ತಡೆಯೋ ಹೊದಿಕೆ, ರೆಕ್ಕೆ, ಚಕ್ರ ಎಲ್ಲಾ ಆ 6 ಪಾಲಲ್ಲೇ ಬರ್ಬೇಕು. ಹೈಡ್ರೋಜನ್ ಹಾಕಿದ್ರೆ ಲೆಕ್ಕ ಸ್ವಲ್ಪ ಸಲೀಸು ಆದ್ರೆ ಅದು ತುಂಬಾ ಹಗುರ, ಟ್ಯಾಂಕ್ ದೊಡ್ಡದಾಗ್ಬಿಡತ್ತೆ. ಒಂದೇ ಹಂತದಲ್ಲಿ ಹೋಗಿ ವಾಪಸ್ ಬರೋ ವಾಹನಕ್ಕೆ ಪ್ರಯೋಗ ಅಂತ ಶುರುವಾದ ನಾಸಾದ ಎಕ್ಸ್-33 ಯೋಜನೆಯಲ್ಲಿ 1999ರಲ್ಲಿ ಪರೀಕ್ಷೆ ವೇಳೆ ಕಾಂಪೋಸಿಟ್ ಹೈಡ್ರೋಜನ್ ಟ್ಯಾಂಕೇ ಕೈಕೊಡ್ತು, 2001ರಲ್ಲಿ ಇಡೀ ಯೋಜನೆನೇ ನಿಲ್ಲಿಸಿದ್ರು.

ಪುಷ್ಪಕ್ ಚಳ್ಳಕೆರೆಯಲ್ಲಿ ಇಳಿದಿದ್ದು ಕಕ್ಷೆಯಿಂದ ಅಲ್ಲ, ಹೆಲಿಕಾಪ್ಟರಲ್ಲಿ ಸುಮಾರು 4.5 ಕಿಮೀ ಮೇಲಕ್ಕೆ ಒಯ್ದು ಬಿಟ್ಟಿದ್ದು. ತಾನೇ ದಾರಿ ಹುಡ್ಕೊಂಡು ರನ್‌ವೇ ಮಧ್ಯಕ್ಕೆ ಬಂದು ಇಳಿದಿದ್ದು ನಿಜಕ್ಕೂ ಹೆಮ್ಮೆ ಪಡೋ ಕೆಲಸ, ಅದನ್ನ ಇದ್ದಹಾಗೇ ಬರೆದ್ರೆ ಸಾಕಲ್ವಾ? ಇಸ್ರೋ ಹೇಳಿರೋ ಗುರಿ ಕೂಡ ಎರಡು ಹಂತದ ವಾಹನವೇ.

ದಯವಿಟ್ಟು ಇಂಥ ಸುದ್ದಿ ಬಂದಾಗ ಪಕ್ಕದಲ್ಲಿ ಒಂದು ಸಣ್ಣ ಬಾಕ್ಸ್ ಹಾಕಿ, ಹೊರಡುವಾಗ ತೂಕ ಎಷ್ಟು, ಇಂಧನ ಎಷ್ಟು, ಕಕ್ಷೆಗೆ ತಲುಪೋದು ಎಷ್ಟು ಅಂತ. ಪಿಯುಸಿ ಓದೋ ಮಕ್ಕಳು ಆ ಸೂತ್ರದಲ್ಲಿರೋ ಲಾಗರಿದಮ್ ಹಿಡ್ಕೊಂಡು ತಾವೇ ಲೆಕ್ಕ ಹಾಕಿ ನೋಡ್ತಾರೆ.

ಇಂತಿ,
ಒಬ್ಬ ಓದುಗ, ಚಿತ್ರದುರ್ಗ